ಹಳ್ಳಿಯ ದೀಪವೂ ಕಾಯಿದೆಯ ಎಲ್ಲೆಯೂ

ಪೀಠಿಕೆ

ಮನೆಗೆ ಬರುವ ವಿದ್ಯುತ್ ಬಿಲ್ಲಿನಲ್ಲಿ ನಾವು ಸಾಮಾನ್ಯವಾಗಿ ಕೊನೆಯ ಮೊತ್ತವನ್ನಷ್ಟೇ ನೋಡುತ್ತೇವೆ. ಮೇಲ್ಭಾಗದಲ್ಲಿ ಅಚ್ಚಾಗಿರುವ ಸಂಸ್ಥೆಯ ಹೆಸರನ್ನು ಗಮನಿಸುವವರು ಕಡಿಮೆ. ಗಮನಿಸಿದರೆ ಒಂದು ವಿಶೇಷವು ಕಂಡುಬರುವುದು. ಅಹಮದಾಬಾದಿನ ಬಹುತೇಕ ಮನೆಗಳ ಬಿಲ್ಲಿನ ಮೇಲೆ ಟಾರೆಂಟ್ ಪವರ್ ಎಂಬ ಹೆಸರಿದೆ. ವಡೋದರೆಯಲ್ಲಿರುವ ನಮ್ಮ ಬಂಧುಗಳ ಬಿಲ್ಲಿನ ಮೇಲೆ ಮಧ್ಯ ಗುಜರಾತ್ ವೀಜ್ ಕಂಪನಿಯ ಹೆಸರಿದೆ. ಸೂರತ್ತಿನಲ್ಲಂತೂ ಒಂದೇ ನಗರದೊಳಗೆ ಎರಡು ಹೆಸರುಗಳನ್ನು ಕಾಣಬಹುದು: ಹಳೆಯ ನಗರದ ಭಾಗಗಳಿಗೆ ಟಾರೆಂಟ್ ಸಂಸ್ಥೆಯೂ, ನಗರವು ಬೆಳೆದಂತೆ ಅದರೊಳಗೆ ಸೇರಿಕೊಂಡ ಅನೇಕ ಬಡಾವಣೆಗಳಿಗೆ ದಕ್ಷಿಣ ಗುಜರಾತ್ ವೀಜ್ ಕಂಪನಿಯೂ ವಿದ್ಯುತ್ತನ್ನು ಒದಗಿಸುತ್ತವೆ.

ಒಂದು ಕಿರಾಣಿ ಅಂಗಡಿ ಸರಿಬೀಳದಿದ್ದರೆ ನಾವು ಮುಂದಿನ ಅಂಗಡಿಗೆ ಹೋಗಬಹುದು. ವಿದ್ಯುತ್ತಿನ ವಿಷಯದಲ್ಲಿ ನಮ್ಮಂಥ ಸಾಮಾನ್ಯ ಬಳಕೆದಾರರಿಗೆ ಅಂಥ ಅವಕಾಶವಿಲ್ಲ. ನಾವು ಯಾವ ಬೀದಿಯಲ್ಲಿ ವಾಸಿಸುತ್ತೇವೆಯೋ ಆ ಬೀದಿಗೆ ನಿಗದಿಯಾದ ಸಂಸ್ಥೆಯಿಂದಲೇ ವಿದ್ಯುತ್ತನ್ನು ಪಡೆಯಬೇಕು. ಅಂದರೆ ನೆಲದ ಮೇಲೆ ಕಣ್ಣಿಗೆ ಕಾಣದ ಒಂದು ಗೆರೆಯಿದೆ. ಆ ಗೆರೆಯನ್ನು ಎಳೆದದ್ದು ಕಾಯಿದೆ.

ಹಾಗಾದರೆ ಹಳ್ಳಿಯ ಜನರು ತಾವೇ ಕೂಡಿ, ಪಾಲು ಬಂಡವಾಳ ಹಾಕಿ, ತಮ್ಮ ದೀಪಗಳಿಗಾಗಿ ಸಹಕಾರೀ ಸಂಘವೊಂದನ್ನು ಕಟ್ಟಿದರೆ ಅದು ಯಾರಿಗೆ ವಿದ್ಯುತ್ ಕೊಡಬಹುದು? ಯಾರಿಗೆ ಕೊಡಕೂಡದು? ಯಾರಿಗೆ ಕೊಡಲೇಬೇಕು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ. ಇವು ವಕೀಲರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಗಳೆಂದು ತಿಳಿಯಬಾರದು. ಒಂದು ಮನೆಯ ಮಗು ರಾತ್ರಿ ಓದಬಲ್ಲುದೇ ಇಲ್ಲವೇ ಎಂಬುದು ಇವುಗಳ ಉತ್ತರವನ್ನು ಅವಲಂಬಿಸಿದೆ.

ನಗರಕ್ಕೆ ಮೊದಲು ಬಂದ ಬೆಳಕು

ನಮ್ಮ ದೇಶದಲ್ಲಿ ವಿದ್ಯುಚ್ಛಕ್ತಿಯು ಮೊದಲು ಹೋದದ್ದು ಹಣವಿದ್ದ ಕಡೆಗೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ಆ ಕಾಲಕ್ಕೆ ಅದೊಂದು ದೊಡ್ಡ ಸಾಹಸವೇ ಸರಿ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಗಣಿಗೆ ಹೋಗುವ ತಂತಿಯು ಎಷ್ಟೋ ಹಳ್ಳಿಗಳ ಹೊಲಗಳನ್ನು ದಾಟಿ ಹೋಗುತ್ತಿತ್ತು. ಆದರೆ ಅದು ಆ ಹಳ್ಳಿಗಳಿಗಾಗಿ ಎಳೆದ ತಂತಿಯಾಗಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಯಿತು.

ಗುಜರಾತಿನಲ್ಲಿಯೂ ಹೀಗೆಯೇ ಆಯಿತು. ಗಿರಣಿಗಳ ನಗರವಾದ ಅಹಮದಾಬಾದಿನಲ್ಲಿ 1913ರಲ್ಲಿಯೂ, ವ್ಯಾಪಾರದ ನಗರವಾದ ಸೂರತ್ತಿನಲ್ಲಿ 1920ರಲ್ಲಿಯೂ ವಿದ್ಯುತ್ ಕಂಪನಿಗಳು ಸ್ಥಾಪನೆಯಾದವು. ಮುಂದೆ ಈ ಎರಡೂ ಟಾರೆಂಟ್ ಸಮೂಹವನ್ನು ಸೇರಿದವು.

ಕಂಪನಿಗಳು ಹಳ್ಳಿಗೆ ಏಕೆ ಹೋಗಲಿಲ್ಲ? ಒಂದು ಸರಳ ಲೆಕ್ಕವನ್ನು ಮಾಡಿ ನೋಡೋಣ. ಒಂದು ಕಿಲೋಮೀಟರು ಉದ್ದ ಕಂಬ ನೆಟ್ಟು ತಂತಿ ಎಳೆಯಲು ತಗಲುವ ವೆಚ್ಚವು ಎರಡು ಕಡೆಯೂ ಒಂದೇ ಎಂದಿಟ್ಟುಕೊಳ್ಳೋಣ. ನಗರದ ಬೀದಿಯಲ್ಲಿ ಆ ಒಂದು ಕಿಲೋಮೀಟರಿನಲ್ಲಿ 100 ಮನೆಗಳಿವೆ. ಹಳ್ಳಿಯ ದಾರಿಯಲ್ಲಿ 5 ಮನೆಗಳಿವೆ. ಆಗ ಹಳ್ಳಿಯ ಒಂದು ಮನೆಯ ಪಾಲಿಗೆ ಬೀಳುವ ವೆಚ್ಚವು ನಗರದ ಮನೆಯ ಪಾಲಿನ 20 ಪಟ್ಟಾಗುತ್ತದೆ. ಹಳ್ಳಿಯ ಮನೆಯವರು ಬಳಸುವ ವಿದ್ಯುತ್ತಾದರೋ ಒಂದೆರಡು ದೀಪಗಳಿಗೆ ಬೇಕಾದಷ್ಟೇ. ಲಾಭವನ್ನೇ ಗುರಿಯಾಗಿಟ್ಟುಕೊಂಡ ಸಂಸ್ಥೆಯು ಇಂಥ ಕಡೆಗೆ ತಾನಾಗಿ ಹೋಗಲಾರದು. ಲಾಭಕ್ಕಾಗಿ ಯಾರೂ ಬಾರದ ಕಡೆಗೆ ಬೆಳಕು ಬರಬೇಕಾದರೆ ಒಂದೋ ಸರಕಾರವು ಮುಂದೆ ಬರಬೇಕು, ಇಲ್ಲವೇ ಜನರೇ ಕೂಡಬೇಕು. ಜನರೇ ಕೂಡುವ ಮಾರ್ಗಕ್ಕೆ ಸಹಕಾರವೆಂದು ಹೆಸರು.

ಎರಡು ಕಾಯಿದೆಗಳ ಸಂಗಮ

ಸಹಕಾರದ ವಿಷಯದಲ್ಲಿ ಗುಜರಾತಿಗೂ ಕನ್ನಡನಾಡಿಗೂ ಹೆಮ್ಮೆಪಡುವ ಕಾರಣಗಳಿವೆ. ಸಹಕಾರ ಸಂಘಗಳಿಗೆ ಕಾಯಿದೆಯೇ ಇಲ್ಲದಿದ್ದ 1889ರಲ್ಲಿ ವಿಠ್ಠಲ ಲಕ್ಷ್ಮಣ ಕವಠೇಕರರು ವಡೋದರೆಯಲ್ಲಿ ಅನ್ಯೋನ್ಯ ಸಹಾಯಕಾರಿ ಮಂಡಳಿಯನ್ನು ಆರಂಭಿಸಿದರು. 1904ರಲ್ಲಿ ಸಹಕಾರೀ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರೀ ಸಂಘವು ನೋಂದಣಿಯಾಯಿತು.

ಆದರೆ ಸಾಲ ಕೊಡುವ ಸಂಘಕ್ಕೂ ವಿದ್ಯುತ್ ಕೊಡುವ ಸಂಘಕ್ಕೂ ಒಂದು ದೊಡ್ಡ ಭೇದವಿದೆ. ಪತ್ತಿನ ಸಂಘವು ಮುಖ್ಯವಾಗಿ ಸಹಕಾರ ಕಾಯಿದೆಯ ಅಡಿಯಲ್ಲಿ ನಡೆಯುತ್ತದೆ. ವಿದ್ಯುತ್ ಸಹಕಾರೀ ಸಂಘವು ಎರಡು ಕಾಯಿದೆಗಳಿಗೆ ಅಧೀನವಾಗಿದೆ.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಹಕಾರ ಸಂಘಗಳು ರಾಜ್ಯಪಟ್ಟಿಯ 32ನೆಯ ನಮೂದಿನಲ್ಲಿವೆ. ವಿದ್ಯುಚ್ಛಕ್ತಿಯು ಸಮವರ್ತಿ ಪಟ್ಟಿಯ 38ನೆಯ ನಮೂದಿನಲ್ಲಿದೆ. ಅಂದರೆ ಅದರ ಬಗೆಗೆ ಕೇಂದ್ರವೂ ರಾಜ್ಯವೂ ಕಾಯಿದೆ ಮಾಡಬಹುದು. ಆದುದರಿಂದ ಕರ್ನಾಟಕದ ವಿದ್ಯುತ್ ಸಹಕಾರೀ ಸಂಘಕ್ಕೆ 1959ರ ರಾಜ್ಯ ಸಹಕಾರ ಸಂಘಗಳ ಕಾಯಿದೆಯೂ, ಗುಜರಾತಿನ ಸಂಘಕ್ಕೆ 1961ರ ಗುಜರಾತ್ ಸಹಕಾರ ಸಂಘಗಳ ಕಾಯಿದೆಯೂ ಅನ್ವಯಿಸುತ್ತವೆ. ಇವುಗಳ ಮೇಲೆ ವಿದ್ಯುತ್ ಕಾಯಿದೆಯೂ ಸೇರುತ್ತದೆ. ಮೊದಲು 1910ರ ಭಾರತೀಯ ವಿದ್ಯುತ್ ಕಾಯಿದೆಯಿತ್ತು. 2003ರ ಜೂನ್ ತಿಂಗಳಿನಿಂದ 2003ರ ವಿದ್ಯುತ್ ಕಾಯಿದೆಯು ಅದರ ಸ್ಥಾನವನ್ನು ಪಡೆಯಿತು.

ಈ ಎರಡು ಕಾಯಿದೆಗಳು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತವೆ. ಸಹಕಾರ ಕಾಯಿದೆಯು, “ಈ ಸಂಘದ ಸದಸ್ಯರು ಯಾರು? ಇದರ ಕಾರ್ಯಕ್ಷೇತ್ರ ಯಾವುದು?” ಎಂದು ಕೇಳುತ್ತದೆ. ಕಾರ್ಯಕ್ಷೇತ್ರವನ್ನು ಸಂಘದ ಉಪವಿಧಿಗಳಲ್ಲಿ ಬರೆಯಬೇಕು. ಅರ್ಹರಾದವರಿಗೆ ಸಕಾರಣವಿಲ್ಲದೆ ಸದಸ್ಯತ್ವವನ್ನು ನಿರಾಕರಿಸಬಾರದು, ಪಾಲು ಎಷ್ಟೇ ಇದ್ದರೂ ಸದಸ್ಯನಿಗೆ ಒಂದೇ ಮತ ಎಂಬುವು ಸಹಕಾರದ ಮೂಲತತ್ತ್ವಗಳು. ವಿದ್ಯುತ್ ಕಾಯಿದೆಯಾದರೋ, “ಈ ನೆಲದಲ್ಲಿ ವಿದ್ಯುತ್ ಹಂಚಲು ನಿಮಗೆ ಪರವಾನಗಿ ಇದೆಯೇ?” ಎಂದು ಕೇಳುತ್ತದೆ. 1910ರ ಕಾಯಿದೆಯ 3ನೆಯ ಕಲಮಿನ ಪ್ರಕಾರ ನಿರ್ದಿಷ್ಟ ಪ್ರದೇಶವೊಂದರಲ್ಲಿ ವಿದ್ಯುತ್ ಪೂರೈಸಲು ಪರವಾನಗಿ ಕೊಡುವ ಅಧಿಕಾರವು ರಾಜ್ಯ ಸರಕಾರಕ್ಕಿತ್ತು. ಈಗ ಆ ಅಧಿಕಾರವು ಆಯಾ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕಿದೆ.

ಪರವಾನಗಿಯು ಹಕ್ಕನ್ನಷ್ಟೇ ಕೊಡುವುದಿಲ್ಲ, ಕರ್ತವ್ಯವನ್ನೂ ಹೊರಿಸುತ್ತದೆ. 1910ರ ಕಾಯಿದೆಯ 22ನೆಯ ಕಲಮಿನ ತಾತ್ಪರ್ಯವೇನೆಂದರೆ, ಪರವಾನಗಿಯ ಪ್ರದೇಶದೊಳಗಿರುವ ಪ್ರತಿಯೊಬ್ಬನೂ ಅರ್ಜಿ ಹಾಕಿದರೆ, ಅದೇ ಪ್ರದೇಶದಲ್ಲಿ ಅವನಂತೆಯೇ ಇರುವ ಇನ್ನೊಬ್ಬನಿಗೆ ಯಾವ ಷರತ್ತುಗಳ ಮೇಲೆ ವಿದ್ಯುತ್ ದೊರೆಯುತ್ತದೆಯೋ ಅದೇ ಷರತ್ತುಗಳ ಮೇಲೆ ಪಡೆಯಲು ಹಕ್ಕುಳ್ಳವನು. 2003ರ ಕಾಯಿದೆಯ 43ನೆಯ ಕಲಮು ಕೂಡ ಮನೆಯ ಒಡೆಯನಾಗಲಿ ಬಾಡಿಗೆದಾರನಾಗಲಿ ಅರ್ಜಿ ಕೊಟ್ಟರೆ ನಿಗದಿತ ಅವಧಿಯಲ್ಲಿ ವಿದ್ಯುತ್ ಕೊಡಬೇಕೆಂದು ವಿಧಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಯಿದೆಯು ಅರ್ಜಿದಾರನ ಜಾತಿಯನ್ನಾಗಲಿ, ಮತವನ್ನಾಗಲಿ, ಮಾತೃಭಾಷೆಯನ್ನಾಗಲಿ ಕೇಳುವುದಿಲ್ಲ. ಅವನ ಮನೆ ಎಲ್ಲಿದೆ ಎಂಬುದನ್ನು ಕೇಳುತ್ತದೆ. ಗೆರೆಯ ಹೊರಗೆ ಸಂಘಕ್ಕೆ ಅಧಿಕಾರವಿಲ್ಲ. ಗೆರೆಯ ಒಳಗೆ ಅದಕ್ಕೆ ಆಯ್ಕೆಯಿಲ್ಲ. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ಅರ್ಥವಾಗುವುದು.

ಅಮೇರಿಕದ ಒಂದು ಉದಾಹರಣೆ

ವಿದ್ಯುತ್ ಸಹಕಾರೀ ಸಂಘಗಳು ದೊಡ್ಡ ಪ್ರಮಾಣದಲ್ಲಿ ಬೆಳೆದ ದೇಶಗಳಲ್ಲಿ ಅಮೇರಿಕವು ಒಂದು. 1935ರ ಸುಮಾರಿಗೆ ಅಲ್ಲಿಯ ನಗರಗಳು ಬೆಳಕಿನಲ್ಲಿ ತೇಲುತ್ತಿದ್ದರೂ ರೈತರ ಮನೆಗಳಲ್ಲಿ ಹತ್ತರಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಆ ವರ್ಷ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಗ್ರಾಮೀಣ ವಿದ್ಯುದೀಕರಣಕ್ಕಾಗಿ ಒಂದು ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿದರು. 1936ರಲ್ಲಿ ಅದಕ್ಕೆ ಕಾಯಿದೆಯ ಬಲ ಬಂದಿತು. ರೈತರ ಸಹಕಾರೀ ಸಂಘಗಳಿಗೆ ಕಡಿಮೆ ಬಡ್ಡಿಯ ಸಾಲ ದೊರೆಯತೊಡಗಿತು.

ಆದರೆ “ಗ್ರಾಮೀಣ” ಎಂದರೇನು? 1936ರ ಕಾಯಿದೆಯು ಇದಕ್ಕೆ ಅಂಕೆಯಲ್ಲಿಯೇ ಉತ್ತರ ಕೊಟ್ಟಿತು: 1,500ಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳ ಎಲ್ಲೆಯ ಹೊರಗಿರುವ ಪ್ರದೇಶವೇ ಗ್ರಾಮೀಣ ಪ್ರದೇಶ. ಮರುವರ್ಷ, ಅಂದರೆ 1937ರಲ್ಲಿ, ರಾಜ್ಯಗಳು ಅನುಸರಿಸಲೆಂದು ವಿದ್ಯುತ್ ಸಹಕಾರೀ ಸಂಘಗಳ ಮಾದರಿ ಕಾಯಿದೆಯೊಂದನ್ನು ಸಿದ್ಧಪಡಿಸಲಾಯಿತು.

ಇಂಥ ಗೆರೆಗೆ ಎರಡು ಮುಖಗಳಿವೆ. ಸರಕಾರದ ಸಾಲವು ಕತ್ತಲೆಯಲ್ಲಿದ್ದವರಿಗೇ ತಲುಪಲೆಂಬುದು ಒಂದು ಮುಖ. ಪಟ್ಟಣಗಳಲ್ಲಿ ಮೊದಲೇ ಬೇರೂರಿದ್ದ ಕಂಪನಿಗಳಿಗೆ ಸಂಘಗಳು ಪ್ರತಿಸ್ಪರ್ಧಿಗಳಾಗದಿರಲೆಂಬುದು ಇನ್ನೊಂದು. ಊರುಗಳು ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ಸಂಘದ ದೀಪದಿಂದಲೇ ಬೆಳೆದು ದೊಡ್ಡದಾದ ಊರು ಮುಂದೆ ಯಾರ ಪಾಲಿಗೆ ಸೇರಬೇಕು? ಈ ಜಗಳವನ್ನು ಆಯಾ ರಾಜ್ಯಗಳ ಕಾಯಿದೆಗಳೇ ಬಗೆಹರಿಸಬೇಕಾಯಿತು. ಜಾರ್ಜಿಯಾ ರಾಜ್ಯವು 1973ರ ಕಾಯಿದೆಯಿಂದ ಸಹಕಾರೀ ಸಂಘ, ನಗರಸಭೆ, ಕಂಪನಿ ಇವುಗಳ ನಡುವೆ ವಿದ್ಯುತ್ ಪೂರೈಕೆಯ ಕ್ಷೇತ್ರಗಳನ್ನು ಹಂಚುವ ವ್ಯವಸ್ಥೆಯನ್ನು ಮಾಡಿತು.

ಹುಕ್ಕೇರಿ ಮತ್ತು ಕೋಡಿನಾರ

ಇನ್ನು ನಮ್ಮ ದೇಶಕ್ಕೆ ಬರೋಣ. ಬಿ. ವೆಂಕಟಪ್ಪಯ್ಯನವರ ಅಧ್ಯಕ್ಷತೆಯ ಅಖಿಲ ಭಾರತ ಗ್ರಾಮೀಣ ಪತ್ತಿನ ಪರಿಶೀಲನ ಸಮಿತಿಯು, ಹಳ್ಳಿಗಳ ವಿದ್ಯುದೀಕರಣಕ್ಕೆ ಹಣ ಒದಗಿಸಲು ಪ್ರತ್ಯೇಕ ನಿಗಮವೊಂದು ಬೇಕೆಂದು ಸಲಹೆ ಮಾಡಿತು. ಅದರಂತೆ 1969ರ ಜುಲೈ ತಿಂಗಳಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮವು ಜನ್ಮತಾಳಿತು. ಇದೇ ಕಾಲಕ್ಕೆ ಅಮೇರಿಕದ ವಿದ್ಯುತ್ ಸಹಕಾರೀ ಸಂಘಗಳ ತಜ್ಞರ ನೆರವಿನಿಂದ ಐದು ರಾಜ್ಯಗಳಲ್ಲಿ ಐದು ಪ್ರಾಯೋಗಿಕ ಸಂಘಗಳು ರೂಪುಗೊಂಡವು: ಅಂದಿನ ಮೈಸೂರು ರಾಜ್ಯದಲ್ಲಿ ಹುಕ್ಕೇರಿ, ಗುಜರಾತಿನಲ್ಲಿ ಕೋಡಿನಾರ, ಮಹಾರಾಷ್ಟ್ರದಲ್ಲಿ ಮುಳಾ-ಪ್ರವರಾ, ಅಂದಿನ ಆಂಧ್ರ ಪ್ರದೇಶದಲ್ಲಿ ಸಿರ್ಸಿಲ್ಲಾ, ಉತ್ತರ ಪ್ರದೇಶದಲ್ಲಿ ಲಖನೌ.

ಇವುಗಳಲ್ಲಿ ಎರಡು ನಮಗೆ ಹತ್ತಿರದವು. ಹುಕ್ಕೇರಿಯು ಬೆಳಗಾವಿ ಜಿಲ್ಲೆಯ ತಾಲ್ಲೂಕು. ಹಿರಣ್ಯಕೇಶಿ, ಘಟಪ್ರಭಾ ನದಿಗಳ ಸೀಮೆ. ಕಬ್ಬು ಬೆಳೆಯುವ ನೆಲ. ಕೋಡಿನಾರವು ಸೌರಾಷ್ಟ್ರದ ಕಡಲ ತೀರದಲ್ಲಿದ್ದರೂ ಹಿಂದೆ ಗಾಯಕವಾಡರ ಬಡೋದೆ ಸಂಸ್ಥಾನಕ್ಕೆ ಸೇರಿತ್ತು; ಇಂದು ಅದು 2013ರಲ್ಲಿ ರಚಿತವಾದ ಗೀರ್ ಸೋಮನಾಥ ಜಿಲ್ಲೆಯಲ್ಲಿದೆ.

ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರೀ ಸಂಘವು 1969ರಲ್ಲಿ ನೋಂದಣಿಯಾಯಿತು. ಅದು ತಾನೇ ವಿದ್ಯುತ್ತನ್ನು ಉತ್ಪಾದಿಸಲು ಹೊರಟ ಸಂಘವಲ್ಲ. ವಿದ್ಯುತ್ತನ್ನು ಸಗಟಾಗಿ ಕೊಂಡು, ತನ್ನ ಕ್ಷೇತ್ರದ ಮನೆಗಳಿಗೆ, ಪಂಪುಗಳಿಗೆ, ಹಿಟ್ಟಿನ ಗಿರಣಿಗಳಿಗೆ, ಬೀದಿದೀಪಗಳಿಗೆ ಹಂಚುವುದು ಅದರ ಕೆಲಸ. ಸುತ್ತಲಿನ ಪ್ರದೇಶಕ್ಕೆ ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿಯು ವಿದ್ಯುತ್ ಒದಗಿಸುತ್ತಿದ್ದರೂ ಹುಕ್ಕೇರಿಯಲ್ಲಿ ಇಂದಿಗೂ ಸಂಘವೇ ಇದೆ. ಅದರ ದರಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಉಳಿದ ಕಂಪನಿಗಳ ದರಗಳಂತೆಯೇ ನಿರ್ಧರಿಸುತ್ತದೆ. ಸಂಘದ ಆಡಳಿತ ಮಂಡಳಿಯನ್ನು ಚುನಾವಣೆಯಿಂದ ಆರಿಸುತ್ತಾರೆ. ಬೀದಿದೀಪ ಕೆಟ್ಟರೆ ದೂರಬೇಕಾದವರು ದೂರದ ಅಧಿಕಾರಿಗಳಲ್ಲ, ತಾವೇ ಮತ ಕೊಟ್ಟು ಆರಿಸಿದವರು. ಇದು ಸಹಕಾರದ ದೊಡ್ಡ ಲಾಭ.

ಐದರಲ್ಲಿ ಹುಕ್ಕೇರಿ ಮತ್ತು ಸಿರ್ಸಿಲ್ಲಾ ಸಂಘಗಳು ಉಳಿದುಕೊಂಡಿವೆ. ಸಿರ್ಸಿಲ್ಲಾ ಇಂದು ತೆಲಂಗಾಣದಲ್ಲಿದೆ. ಸೂರತ್ತಿನಂತೆ ಅದೂ ವಿದ್ಯುತ್ ಮಗ್ಗಗಳ ಊರು. ಕೋಡಿನಾರದ ಸಂಘವು ಉಳಿಯಲಿಲ್ಲ. ಆ ಪ್ರದೇಶಕ್ಕೆ ಈಗ ರಾಜಕೋಟದ ಪಶ್ಚಿಮ ಗುಜರಾತ್ ವೀಜ್ ಕಂಪನಿಯು ವಿದ್ಯುತ್ ಒದಗಿಸುತ್ತದೆ. ಅಹಮದನಗರ (ಇಂದಿನ ಅಹಿಲ್ಯಾನಗರ) ಜಿಲ್ಲೆಯ ಮುಳಾ-ಪ್ರವರಾ ಸಂಘವು ನಾಲ್ಕು ದಶಕಗಳ ಕಾಲ ನಡೆಯಿತು. ಅದು ಕೊಂಡ ವಿದ್ಯುತ್ತಿಗಾಗಿ ಕೊಡಬೇಕಾದ ಬಾಕಿಯು ಬೆಳೆಯುತ್ತ ಹೋಯಿತು. 2011ರ ಜನವರಿಯಲ್ಲಿ ಪರವಾನಗಿಯ ಅವಧಿ ಮುಗಿದಾಗ ಮಹಾರಾಷ್ಟ್ರದ ನಿಯಂತ್ರಣ ಆಯೋಗವು ಆ ಪ್ರದೇಶವನ್ನು ರಾಜ್ಯದ ವಿತರಣಾ ಕಂಪನಿಗೆ ಒಪ್ಪಿಸಿತು.

ಗೆರೆಯ ಒಳಗಿನ ಲೆಕ್ಕ

ಇಂಥ ಸಂಘಗಳು ಏಕೆ ಸೋತವೆಂದು ಕೇಳಿದರೆ ಆಡಳಿತದ ದೋಷ, ಬಾಕಿ ವಸೂಲಿಯ ದೋಷ, ತಂತಿಯಲ್ಲಿ ಸೋರಿಹೋಗುವ ವಿದ್ಯುತ್ತು ಮುಂತಾದ ಕಾರಣಗಳನ್ನು ಹೇಳುವುದುಂಟು. ಇವು ನಿಜವೇ. ಆದರೆ ಇವಕ್ಕಿಂತ ಆಳದಲ್ಲಿ ಇನ್ನೊಂದು ಕಾರಣವಿದೆ. ಅದು ಗೆರೆಯಲ್ಲಿಯೇ ಇದೆ.

ದೊಡ್ಡ ವಿದ್ಯುತ್ ಸಂಸ್ಥೆಯ ಕ್ಷೇತ್ರದಲ್ಲಿ ನಗರವೂ ಇರುತ್ತದೆ, ಹಳ್ಳಿಯೂ ಇರುತ್ತದೆ. ಅದು ಕಾರ್ಖಾನೆಗಳಿಂದ, ದೊಡ್ಡ ಅಂಗಡಿಗಳಿಂದ ಹೆಚ್ಚು ದರವನ್ನು ಪಡೆದು, ಹಳ್ಳಿಯ ಬಡವನಿಗೂ ರೈತನ ಪಂಪಿಗೂ ಕಡಿಮೆ ದರದಲ್ಲಿ ವಿದ್ಯುತ್ ಕೊಡಬಲ್ಲದು. ಒಂದು ಕೈಯಿಂದ ಪಡೆದದ್ದನ್ನು ಇನ್ನೊಂದು ಕೈಯಿಂದ ಕೊಟ್ಟಂತೆ ಇದು. ಗ್ರಾಮೀಣ ಸಹಕಾರೀ ಸಂಘಕ್ಕೆ ಗೆರೆಯೊಳಗೆ ಹಳ್ಳಿಗಳೇ ಹೆಚ್ಚು. ಪಡೆಯುವ ಕೈ ಚಿಕ್ಕದು, ಕೊಡುವ ಕೈ ದೊಡ್ಡದು. “ನೀವು ಹಳ್ಳಿಗೆ ಮಾತ್ರ ಸೇವೆ ಮಾಡಿರಿ” ಎಂದು ಹೇಳಿ, “ಹಳ್ಳಿಯವರಿಂದ ಕಡಿಮೆ ದರವನ್ನೇ ಪಡೆಯಿರಿ” ಎಂದೂ ಹೇಳಿದರೆ, ಆ ಅಂತರವನ್ನು ಯಾರಾದರೊಬ್ಬರು ತುಂಬಿಕೊಡಲೇಬೇಕು.

ಆದುದರಿಂದಲೇ 2003ರ ಕಾಯಿದೆಯ 65ನೆಯ ಕಲಮು, ರಾಜ್ಯ ಸರಕಾರವು ಯಾವುದಾದರೂ ವರ್ಗದ ಬಳಕೆದಾರರಿಗೆ ರಿಯಾಯಿತಿ ಕೊಡಬಯಸಿದರೆ ಆ ಹಣವನ್ನು ಮುಂಗಡವಾಗಿಯೇ ಕೊಡತಕ್ಕದ್ದೆಂದು ವಿಧಿಸಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪುಗಳ ವಿದ್ಯುತ್ತಿನ ಬೆಲೆಯನ್ನು ಸರಕಾರವೇ ಸಹಾಯಧನದ ಮೂಲಕ ಭರಿಸುವುದು ಇದಕ್ಕೆ ಉದಾಹರಣೆ. ಕಬ್ಬಿನ ಸೀಮೆಯ ಹುಕ್ಕೇರಿ ಸಂಘಕ್ಕೆ ಈ ಹಣವು ಸಕಾಲದಲ್ಲಿ ಬರುವುದು ಎಷ್ಟು ಮುಖ್ಯವೆಂಬುದನ್ನು ನಾವೇ ಊಹಿಸಬಹುದು. ಭಾರ ಹೊರಿಸುವ ಕಾಯಿದೆಯು ಹೊರುವವನ ಬಲವನ್ನೂ ನೋಡಬೇಕು. ನೋಡದಿದ್ದರೆ ಹಳ್ಳಿಯ ರಕ್ಷಣೆಗೆಂದು ಎಳೆದ ಗೆರೆಯೇ ಹಳ್ಳಿಯ ಸಂಘಕ್ಕೆ ಬೇಲಿಯಾಗುವುದು.

ಗೆರೆಯ ಒಳಗಿದ್ದೂ ಕತ್ತಲೆಯಲ್ಲಿದ್ದವರು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಊರು ಗೆರೆಯ ಒಳಗಿದೆ. ಊರಿಗೆ ವಿದ್ಯುತ್ ಬಂದಿದೆ. ಹಾಗಾದರೆ ಊರಿನವರೆಲ್ಲರಿಗೂ ಬಂದಂತಾಯಿತೇ?

ಬಹುಕಾಲದ ವರೆಗೆ ಸರಕಾರದ ಲೆಕ್ಕವು ಹೀಗಿತ್ತು: ಒಂದು ಹಳ್ಳಿಯ ಕಂದಾಯದ ಎಲ್ಲೆಯೊಳಗೆ ಎಲ್ಲಿಯಾದರೂ, ಯಾವ ಉದ್ದೇಶಕ್ಕಾದರೂ ವಿದ್ಯುತ್ ಬಳಕೆಯಾದರೆ ಆ ಹಳ್ಳಿಯು ವಿದ್ಯುದೀಕರಣಗೊಂಡ ಹಳ್ಳಿ. ಊರಾಚೆಯ ಹೊಲದಲ್ಲಿ ಒಂದು ಪಂಪು ತಿರುಗಿದರೆ ಸಾಕು, ಮನೆಗಳೆಲ್ಲ ಕತ್ತಲೆಯಲ್ಲಿದ್ದರೂ ಪಟ್ಟಿಯಲ್ಲಿ ಊರು ಬೆಳಗುತ್ತಿತ್ತು! 1997ರಲ್ಲಿ ಇದನ್ನು ಬದಲಾಯಿಸಿ, ಜನವಸತಿಯ ಭಾಗದಲ್ಲಿ ವಿದ್ಯುತ್ ಬಳಕೆಯಾಗಬೇಕೆಂದರು. 2004ರಲ್ಲಿ ಇನ್ನೂ ಕಟ್ಟುನಿಟ್ಟಾದ ವ್ಯಾಖ್ಯೆ ಬಂದಿತು. ಅದಕ್ಕೆ ಮೂರು ಅಂಗಗಳಿದ್ದವು. ಜನವಸತಿಯಲ್ಲಿಯೂ, ಅದಕ್ಕೆ ಸೇರಿದ ದಲಿತ ಕೇರಿಯಲ್ಲಿಯೂ ಪರಿವರ್ತಕ, ತಂತಿ ಮೊದಲಾದ ಸಾಧನಗಳಿರಬೇಕು. ಶಾಲೆ, ಪಂಚಾಯತಿ ಕಚೇರಿ, ಆರೋಗ್ಯ ಕೇಂದ್ರಗಳಂಥ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ ಇರಬೇಕು. ಮನೆಗಳಲ್ಲಿ ಶೇಕಡ 10ರಷ್ಟಕ್ಕಾದರೂ ವಿದ್ಯುತ್ ದೊರೆತಿರಬೇಕು.

ದಲಿತ ಕೇರಿಯ ಹೆಸರನ್ನು ವ್ಯಾಖ್ಯೆಯೊಳಗೆ ಬರೆಯಬೇಕಾಗಿ ಬಂದದ್ದನ್ನು ನಾವು ಯೋಚಿಸಿ ನೋಡಬೇಕು. ಕಾಯಿದೆಯು ಎಲ್ಲರೂ ಸಮಾನರೆಂದು 1910ರಿಂದಲೂ ಹೇಳುತ್ತಿತ್ತು. ಆದರೆ ಕಂಬಗಳು ಊರ ನಡುವಿನ ದೊಡ್ಡ ಬೀದಿಗೆ ಬಂದು ನಿಂತರೆ, ಊರ ಅಂಚಿನ ಕೇರಿಯವನು ಅರ್ಜಿ ಹಾಕುವುದಾದರೂ ಹೇಗೆ? ಹಾಕಿದರೂ ಅಲ್ಲಿಗೆ ಕಂಬವೇ ಇಲ್ಲ. ಸಮಾನತೆಯು ಅರ್ಜಿ ಹಾಕಿದವನಿಗೆ ಮಾತ್ರ ದೊರೆಯುವಂತಿದ್ದರೆ, ಅರ್ಜಿಯ ತನಕ ಬರಲಾರದವನು ಹೊರಗೇ ಉಳಿಯುತ್ತಾನೆ. ಹೆಸರು ಹೇಳಿ ಸೇರಿಸಿದುದರಿಂದ ಆ ಕೇರಿಯು ಲೆಕ್ಕಕ್ಕೆ ಬಂದಿತು.

ಶೇಕಡ 10 ಎಂಬ ಅಳತೆಯೂ ಪೂರ್ಣವಾದುದಲ್ಲ. 100 ಮನೆಗಳಲ್ಲಿ 90 ಮನೆಗಳು ಕತ್ತಲೆಯಲ್ಲಿದ್ದರೂ ಊರು ಬೆಳಕಿನ ಪಟ್ಟಿಗೆ ಸೇರಬಹುದಾಗಿತ್ತು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ ತಲುಪಿದಾಗ, ದೇಶದ ಜನವಸತಿಯುಳ್ಳ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವೆಂದು ಸರಕಾರವು ಪ್ರಕಟಿಸಿತು. ಊರಿನ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ ಎಂಬುದನ್ನು ಅರಿತೇ, 2017ರಲ್ಲಿ ಮನೆಮನೆಗೂ ವಿದ್ಯುತ್ ಮುಟ್ಟಿಸುವ ಸೌಭಾಗ್ಯ ಯೋಜನೆಯನ್ನು ಆರಂಭಿಸಲಾಗಿತ್ತು.

ಇಂದಿನ ಕಾಯಿದೆಯೂ ಧುಂಡಿಯ ರೈತರೂ

2003ರ ಕಾಯಿದೆಯು ಹಳ್ಳಿಯ ಸಂಘಗಳಿಗೆ ಹೊಸ ಬಾಗಿಲುಗಳನ್ನು ತೆರೆದಿದೆ. ಅದರ 5ನೆಯ ಕಲಮು ಗ್ರಾಮೀಣ ಪ್ರದೇಶಗಳಲ್ಲಿ ಪಂಚಾಯತಿಗಳು, ಬಳಕೆದಾರರ ಸಂಘಗಳು, ಸಹಕಾರೀ ಸಂಘಗಳು ಮೊದಲಾದವುಗಳ ಮೂಲಕ ವಿದ್ಯುತ್ ವಿತರಣೆಯನ್ನು ನಡೆಸುವ ರಾಷ್ಟ್ರೀಯ ನೀತಿಯನ್ನು ರೂಪಿಸಬೇಕೆನ್ನುತ್ತದೆ. 13ನೆಯ ಕಲಮಿನ ಪ್ರಕಾರ ಸರಕಾರದ ಶಿಫಾರಸಿನ ಮೇಲೆ ಆಯೋಗವು ಇಂಥ ಸಂಘಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಡಬಹುದು. 14ನೆಯ ಕಲಮಿನ ಪ್ರಕಾರ, ರಾಜ್ಯ ಸರಕಾರವು ಗ್ರಾಮೀಣವೆಂದು ಅಧಿಸೂಚಿಸಿದ ಪ್ರದೇಶದಲ್ಲಿ ಒಬ್ಬನು ತಾನೇ ವಿದ್ಯುತ್ ಉತ್ಪಾದಿಸಿ ತಾನೇ ಹಂಚುವುದಾದರೆ ಅವನಿಗೆ ಪರವಾನಗಿಯೇ ಬೇಕಿಲ್ಲ. ಸುರಕ್ಷತೆಯ ನಿಯಮಗಳನ್ನು ಮಾತ್ರ ಪಾಲಿಸಬೇಕು. ಇಲ್ಲಿಯೂ ಗೆರೆಯೆಳೆಯುವ ಕೈ ರಾಜ್ಯ ಸರಕಾರದ್ದೇ ಎಂಬುದನ್ನು ಗಮನಿಸಬೇಕು.

ನಮಗೆ ಸಮೀಪದ ಉದಾಹರಣೆಯೊಂದಿದೆ. ಅಹಮದಾಬಾದ್ ಮತ್ತು ವಡೋದರೆಗಳ ನಡುವಣ ಖೇಡಾ ಜಿಲ್ಲೆಯಲ್ಲಿ ಧುಂಡಿ ಎಂಬ ಹಳ್ಳಿಯಿದೆ. ಅಲ್ಲಿ ಆರು ಮಂದಿ ರೈತರು ಕೂಡಿ, ಅಂತರರಾಷ್ಟ್ರೀಯ ಜಲ ನಿರ್ವಹಣ ಸಂಸ್ಥೆಯ ನೆರವಿನಿಂದ, ಸೌರಶಕ್ತಿ ಉತ್ಪಾದಕರ ಸಹಕಾರೀ ಮಂಡಳಿಯನ್ನು ಕಟ್ಟಿದರು. ಬಿಸಿಲಿನಿಂದ ಪಂಪು ನಡೆಸಿ, ಉಳಿದ ವಿದ್ಯುತ್ತನ್ನು ಮಾರುವುದು ಅವರ ಉದ್ದೇಶ. 2016ರಲ್ಲಿ ವಡೋದರೆಯ ಮಧ್ಯ ಗುಜರಾತ್ ವೀಜ್ ಕಂಪನಿಯು ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ 25 ವರ್ಷಗಳ ಕಾಲ ಆ ವಿದ್ಯುತ್ತನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಪ್ರತಿಯಾಗಿ ರೈತರು ರಿಯಾಯಿತಿ ದರದ ಪಂಪಿನ ಸಂಪರ್ಕವನ್ನು ಕೇಳುವ ಹಕ್ಕನ್ನು ಆ ಅವಧಿಗೆ ಬಿಟ್ಟುಕೊಟ್ಟರು. ನೀರನ್ನು ವ್ಯರ್ಥವಾಗಿ ಎತ್ತುವುದಕ್ಕಿಂತ ವಿದ್ಯುತ್ತನ್ನು ಮಾರುವುದೇ ಲಾಭಕರವಾದುದರಿಂದ ಅಂತರ್ಜಲಕ್ಕೂ ಇದರಿಂದ ರಕ್ಷಣೆಯುಂಟು.

ಹುಕ್ಕೇರಿಯ ಸಂಘವು ವಿದ್ಯುತ್ತನ್ನು ಕೊಂಡು ಹಂಚುತ್ತದೆ. ಧುಂಡಿಯ ಮಂಡಳಿಯು ವಿದ್ಯುತ್ತನ್ನು ಬೆಳೆದು ಮಾರುತ್ತದೆ. ಈಗಿನ ಕಾಯಿದೆಯಲ್ಲಿ ಉತ್ಪಾದನೆಗೆ ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲ, ವಿತರಣೆಗೆ ಬೇಕು. ಆದುದರಿಂದ ಧುಂಡಿಯ ವಿದ್ಯುತ್ತು ಕಂಪನಿಯ ತಂತಿಗೆ ಹೋಗಿ, ಅಲ್ಲಿಂದ ಎಲ್ಲರಿಗೂ ಹಂಚಿಕೆಯಾಗುತ್ತದೆ. ಸಹಕಾರವು ಒಂದೇ ರೂಪದಲ್ಲಿ ನಿಲ್ಲಬೇಕಾಗಿಲ್ಲವೆಂಬುದಕ್ಕೆ ಇದು ನಿದರ್ಶನ.

ಉಪಸಂಹಾರ

ಇದುವರೆಗೆ ಹೇಳಿದ್ದನ್ನು ಒಟ್ಟುಗೂಡಿಸೋಣ. ವಿದ್ಯುತ್ ಸಹಕಾರೀ ಸಂಘವು ಯಾರಿಗೆ ಸೇವೆ ಮಾಡಬಹುದೆಂಬುದನ್ನು ಕಾಯಿದೆಯು ಒಂದು ಗೆರೆಯಿಂದ ಸೂಚಿಸುತ್ತದೆ. ಗೆರೆಯೊಳಗಿನ ಎಲ್ಲರಿಗೂ ಸಮಾನವಾಗಿ ಕೊಡಬೇಕೆಂಬುದು ಅದರ ನ್ಯಾಯ. ಆ ನ್ಯಾಯವು ನಡೆಯಬೇಕಾದರೆ ಸಂಘಕ್ಕೆ ಆದಾಯದ ಮಾರ್ಗವಿರಬೇಕು. ಊರ ಅಂಚಿನ ಮನೆಯನ್ನೂ ಎಣಿಸುವ ಲೆಕ್ಕವಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಗೆರೆಯು ಕಾಗದದ ಮೇಲಿನ ಗೆರೆಯಾಗಿ ಉಳಿಯುವುದು.

ನಗರವಾಸಿಗಳಾದ ನಮಗೆ ಗುಂಡಿ ಒತ್ತಿದೊಡನೆ ಬೆಳಕು ಬರುತ್ತದೆ. 2024ರಲ್ಲಿ ತಿದ್ದುಪಡಿಯಾದ ಬಳಕೆದಾರರ ಹಕ್ಕುಗಳ ನಿಯಮಗಳ ಪ್ರಕಾರ ಹೊಸ ಸಂಪರ್ಕವನ್ನು ಮಹಾನಗರದಲ್ಲಿ 3 ದಿನಗಳೊಳಗೆ, ಇತರ ನಗರಗಳಲ್ಲಿ 7 ದಿನಗಳೊಳಗೆ, ಹಳ್ಳಿಗಳಲ್ಲಿ 15 ದಿನಗಳೊಳಗೆ ಕೊಡಬೇಕು. ನಗರಕ್ಕೂ ಹಳ್ಳಿಗೂ ನಡುವಿನ ಗೆರೆಯು ಇಲ್ಲಿಯೂ ಅಳಿದಿಲ್ಲ. ಆದರೆ ಅದನ್ನು ವರ್ಷಗಳಲ್ಲಿ ಅಳೆಯುತ್ತಿದ್ದ ಕಾಲ ಹೋಗಿ ದಿನಗಳಲ್ಲಿ ಅಳೆಯುವ ಕಾಲ ಬಂದಿದೆ. ಈ ದೂರವನ್ನು ಇನ್ನೂ ಕಡಿಮೆ ಮಾಡುವುದು ಮುಂದೆ ಕಾಯಿದೆಗಳನ್ನು ಓದುವ, ಬರೆಯುವ, ನಡೆಸುವ ನಮ್ಮ ವಿದ್ಯಾರ್ಥಿ ಮಿತ್ರರ ಕೆಲಸ.

ಅಭ್ಯಾಸ

1. ನಿಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಯಾವ ಸಂಸ್ಥೆಯ ಹೆಸರಿದೆ? ಅದರ ಕ್ಷೇತ್ರವು ಎಲ್ಲಿಯ ವರೆಗಿದೆಯೆಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿರಿ.

2. ನಿಮ್ಮ ಹಿರಿಯರ ಊರಿಗೆ ವಿದ್ಯುತ್ ಯಾವ ವರ್ಷ ಬಂದಿತು? ಊರಿನ ಯಾವ ಬೀದಿಗೆ ಮೊದಲು ಬಂದಿತು, ಯಾವ ಕೇರಿಗೆ ಕೊನೆಗೆ ಬಂದಿತು?

3. “ಗೆರೆಯ ಹೊರಗೆ ಅಧಿಕಾರವಿಲ್ಲ, ಗೆರೆಯ ಒಳಗೆ ಆಯ್ಕೆಯಿಲ್ಲ” ಎಂಬ ಮಾತನ್ನು ಹುಕ್ಕೇರಿ ಸಂಘದ ಉದಾಹರಣೆಯಿಂದ ವಿವರಿಸಿರಿ.

4. ಒಂದು ಹಳ್ಳಿಯಲ್ಲಿ 240 ಮನೆಗಳಿವೆ. 2004ರ ವ್ಯಾಖ್ಯೆಯ ಪ್ರಕಾರ ಕನಿಷ್ಠ ಎಷ್ಟು ಮನೆಗಳಿಗೆ ವಿದ್ಯುತ್ ದೊರೆತಿರಬೇಕು? ಉಳಿದ ಮನೆಗಳೆಷ್ಟು?